ಒಬ್ಬರ ಸ್ಕೋಪ್ 3, ಇನ್ನೊಬ್ಬರ ಸ್ಕೋಪ್ 1

ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಸ್ಥಾನಗಳಲ್ಲಿರುವ ಲಿಸ್ಟೆಡ್ ಕಂಪನಿಗಳಿಗೆ ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ 2022-23ರಿಂದ ಬಿಆರ್‌ಎಸ್‌ಆರ್ ವರದಿಯನ್ನು, ಅಂದರೆ ಪರಿಸರ ಮತ್ತು ಸಾಮಾಜಿಕ ಹೊಣೆಯ ಲೆಕ್ಕ ಒಪ್ಪಿಸುವ ವಾರ್ಷಿಕ ವರದಿಯನ್ನು, ಕಡ್ಡಾಯಗೊಳಿಸಿದ ಮೇಲೆ, ಸುಸ್ಥಿರತಾ ಲೆಕ್ಕಶಾಸ್ತ್ರವು ನಮ್ಮ ವಾಣಿಜ್ಯ ತರಗತಿಗಳಿಗೂ ಬಂದಿದೆ. ವಿದ್ಯಾರ್ಥಿಗಳು ವರದಿಯ ನಮೂನೆಯಲ್ಲಿ ಅಂಕಿಗಳನ್ನು ಚೆನ್ನಾಗಿಯೇ ತುಂಬುತ್ತಾರೆ. ಆದರೆ ಆ ಅಂಕಿಗಳನ್ನು ಯಾರು, ಏತಕ್ಕಾಗಿ ಓದುತ್ತಾರೆ ಎಂದು ಕೇಳಿದರೆ ತಡವರಿಸುತ್ತಾರೆ. ಈ ಕೊರತೆ ನೀಗಲು ನಾನು ಅವರನ್ನು ಜರ್ಮನಿಯ ವಿದ್ಯಾರ್ಥಿಗಳೊಂದಿಗೆ ಆನ್‌ಲೈನ್ ತಂಡಗಳಲ್ಲಿ ಕೂರಿಸುತ್ತೇನೆ. ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯವು 2006ರಲ್ಲಿ ಪ್ರತ್ಯೇಕ ಕೇಂದ್ರವನ್ನೇ ತೆರೆದು ಬೆಳೆಸಿದ ಈ ಬೋಧನಾ ಕ್ರಮಕ್ಕೆ 'ಕಾಯ್ಲ್' (ಕೊಲ್ಯಾಬರೇಟಿವ್ ಆನ್‌ಲೈನ್ ಇಂಟರ್‌ನ್ಯಾಷನಲ್ ಲರ್ನಿಂಗ್) ಎಂಬ ಹೆಸರಿದೆ.

ತಂಡಗಳಿಗೆ ಕೊಡುವ ಪ್ರಕರಣ ತಮಿಳುನಾಡಿನ ಬಟ್ಟೆ ಉದ್ಯಮದ ಊರಾದ ತಿರುಪ್ಪೂರಿನ ಒಂದು ಕಾಲ್ಪನಿಕ ಡೈಯಿಂಗ್ (ಬಟ್ಟೆಗೆ ಬಣ್ಣ ಹಾಕುವ) ಘಟಕ ಮತ್ತು ಅಲ್ಲಿ ಬಣ್ಣ ಹಾಕಿದ ಬಟ್ಟೆಯಿಂದ ಹೊಲಿದ ಟೀ ಶರ್ಟುಗಳನ್ನು ಕೊಳ್ಳುವ ಜರ್ಮನ್ ಬ್ರ್ಯಾಂಡು. ಇಂಗಾಲದ ಲೆಕ್ಕದಲ್ಲಿ ಹೊರಸೂಸುವಿಕೆಯನ್ನು 'ಸ್ಕೋಪ್' ಎಂಬ ಮೂರು ವರ್ಗಗಳಾಗಿ ವಿಂಗಡಿಸುತ್ತಾರೆ. ಘಟಕದ ಬಾಯ್ಲರಿನಲ್ಲಿ ಉರಿಯುವ ಕಲ್ಲಿದ್ದಲು ಅದರ ಸ್ಕೋಪ್ 1 (ತನ್ನಲ್ಲೇ ಹೊಮ್ಮುವುದು), ಕೊಂಡ ವಿದ್ಯುತ್ತು ಸ್ಕೋಪ್ 2; ಬ್ರ್ಯಾಂಡಿನ ಪುಸ್ತಕದಲ್ಲಿ ಇವೆರಡೂ ಸ್ಕೋಪ್ 3ಕ್ಕೆ (ಪೂರೈಕೆದಾರರಂಥ ಇತರರಲ್ಲಿ ಹೊಮ್ಮುವುದಕ್ಕೆ) ಸೇರುತ್ತವೆ. ನಮ್ಮವರು ಇಂಧನದ ಬಿಲ್ಲನ್ನೂ ಮೀಟರಿನ ಓದನ್ನೂ ಹಿಡಿದು, ಗ್ರಿಡ್‌ನ ಪ್ರತಿ ಯೂನಿಟ್‌ಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಎಂದು ಲೆಕ್ಕ ಹಾಕುತ್ತಾರೆ. ಜರ್ಮನಿಯವರು ಖರೀದಿಯ ಯೂರೋ ಮೊತ್ತವನ್ನು ಉದ್ಯಮದ ಸರಾಸರಿ ಗುಣಾಂಕದಿಂದ ಗುಣಿಸುತ್ತಾರೆ. ಎರಡೂ ಒಪ್ಪಿತ ವಿಧಾನಗಳೇ, ಉತ್ತರಗಳು ಮಾತ್ರ ತಾಳೆಯಾಗುವುದಿಲ್ಲ. ಆಗ ಯಾರಾದರೊಬ್ಬರು ಗಮನಿಸಲೇಬೇಕಾದ ಸಂಗತಿಯೊಂದಿದೆ: ಬ್ರ್ಯಾಂಡು ಚೌಕಾಸಿ ಮಾಡಿ ಬೆಲೆ ಇಳಿಸಿದರೆ, ಬಾಯ್ಲರಿಗೆ ಹಾಕಿದ ಕಲ್ಲಿದ್ದಲು ಒಂದು ಚೂರೂ ಕಡಿಮೆಯಾಗದಿದ್ದರೂ, ಅದರ ವರದಿಯಲ್ಲಿ ಮಾಲಿನ್ಯ ತಗ್ಗಿದಂತೆ ಕಾಣುತ್ತದೆ. ಇದನ್ನು ನಾನು ಬೋರ್ಡಿನ ಮೇಲೆ ಬರೆದು ಹೇಳುವುದಕ್ಕಿಂತ, ಬೆಲೆ ಇಳಿಸಿಕೊಂಡವರ ಪಾತ್ರದಲ್ಲಿರುವ ವಿದ್ಯಾರ್ಥಿಯೇ ಸ್ಪ್ರೆಡ್‌ಶೀಟಿನಲ್ಲಿ ಕಂಡುಕೊಳ್ಳುವುದು ಮೇಲು.

ಇದಕ್ಕಿಂತ ಗಟ್ಟಿಯಾದ ವಾದ ಹುಟ್ಟುವುದು ನೀರಿನ ವಿಷಯದಲ್ಲಿ. ಆ ಊರಿನಲ್ಲಿ ಹರಿಯುವ ನೊಯ್ಯಲ್ ನದಿಯ ಮಾಲಿನ್ಯದ ಕಾರಣಕ್ಕೆ ಮದ್ರಾಸ್ ಹೈಕೋರ್ಟು 2011ರಲ್ಲಿ ತಿರುಪ್ಪೂರಿನ ಡೈಯಿಂಗ್ ಘಟಕಗಳನ್ನು ಮುಚ್ಚಿಸಿತ್ತು. ಒಂದು ಹನಿ ತ್ಯಾಜ್ಯವನ್ನೂ ಹೊರಬಿಡದ ವ್ಯವಸ್ಥೆ ಅಲ್ಲಿ ಅನಿವಾರ್ಯವಾಯಿತು. ಬಣ್ಣ ಹಾಕಿದ ಮೇಲೆ ಉಳಿಯುವ ಉಪ್ಪುನೀರನ್ನು ಆವಿಯಾಗಿಸಲು ಹಬೆಯೂ ವಿದ್ಯುತ್ತೂ ವಿಪರೀತ ಬೇಕಾಗುವುದರಿಂದ, ನದಿಗೆ ಒಳಿತು ಮಾಡುವ ಘಟಕವು ಇಂಗಾಲದ ಪಟ್ಟಿಯಲ್ಲಿ ಕೆಟ್ಟದಾಗಿ ತೋರುತ್ತದೆ. ಕಂಪನಿಯ ಹಣಕಾಸಿನ ಮೇಲಾಗುವ ಪರಿಣಾಮವನ್ನಷ್ಟೇ ನೋಡುವ ಅಂತರರಾಷ್ಟ್ರೀಯ ಸುಸ್ಥಿರತಾ ಮಾನದಂಡ ಮಂಡಳಿಯ (ಐಎಸ್‌ಎಸ್‌ಬಿ) 2023ರ ಮಾನದಂಡಕ್ಕೂ, ಕಂಪನಿಯಿಂದ ಪರಿಸರದ ಮೇಲಾಗುವುದನ್ನೂ ಕೇಳುವ ಐರೋಪ್ಯ ಮಾನದಂಡಕ್ಕೂ ಇರುವ ಅಂತರ ಇಲ್ಲಿ ತಾನಾಗಿ ತಿಳಿಯುತ್ತದೆ.

ತೊಡಕುಗಳು ಚಿಕ್ಕವು, ಆದರೆ ಹೊತ್ತು ತಿನ್ನುತ್ತವೆ. ಜರ್ಮನ್ ಪದ್ಧತಿಯಲ್ಲಿ 1.250 ಎಂದರೆ ಸಾವಿರದ ಇನ್ನೂರೈವತ್ತು, ನಮ್ಮವರಿಗೆ ಒಂದೂಕಾಲು. ನಮ್ಮ ಆರ್ಥಿಕ ವರ್ಷ ಏಪ್ರಿಲ್‌ನಲ್ಲಿ ಶುರುವಾದರೆ ಅಲ್ಲಿನ ಬಹುತೇಕ ಕಂಪನಿಗಳದು ಜನವರಿಯಲ್ಲಿ. ಆದ್ದರಿಂದ ನಾನು ಅಂತಿಮ ಮೊತ್ತಕ್ಕೆ ಅಂಕ ಕೊಡುವುದಿಲ್ಲ. ಬ್ಯಾಂಕಿನ ಲೆಕ್ಕವನ್ನು ನಮ್ಮ ಲೆಕ್ಕದೊಂದಿಗೆ ತಾಳೆ ನೋಡುವ ಬ್ಯಾಂಕ್ ರಿಕನ್ಸಿಲಿಯೇಷನ್ ಪಟ್ಟಿಯ ಮಾದರಿಯಲ್ಲೇ, ಎರಡು ಉತ್ತರಗಳ ನಡುವಿನ ಪ್ರತಿ ಟನ್ನಿನ ವ್ಯತ್ಯಾಸಕ್ಕೂ ಕಾರಣ ಬರೆದು, ಎರಡೂ ಕಡೆಯವರು ಸಹಿ ಹಾಕಿದ ಪಟ್ಟಿಗೆ ಅಂಕ ಕೊಡುತ್ತೇನೆ.