ಪಟ್ಟಿಯಲ್ಲಿ ಇಲ್ಲದ ದಡಾರ

ಸಾಂಕ್ರಾಮಿಕ ರೋಗಗಳ ಲೆಕ್ಕ ನೋಡುವುದೇ ನನ್ನ ಕೆಲಸ. ನಮ್ಮ ವಿಭಾಗಕ್ಕೆ ಹೊಸದಾಗಿ ಬರುವ ಡಾಕ್ಟರುಗಳಿಗೆ ನಾನು ಮೊದಲು ಓದಲು ಕೊಡುವುದು ಲಂಡನ್ನಿನ ಹಳೇ ವರದಿಗಳನ್ನು. 1900ರಲ್ಲಿ ಆ ನಗರವನ್ನು, ಹಳೆಯ 'ಸಿಟಿ' ಭಾಗ ಬಿಟ್ಟು, 28 ಬರೋಗಳಾಗಿ, ಅಂದರೆ ಸ್ಥಳೀಯ ಆಡಳಿತದ ಭಾಗಗಳಾಗಿ, ವಿಂಗಡಿಸಿದರು. ಒಂದೊಂದು ಬರೋಗೂ ಒಬ್ಬ ಆರೋಗ್ಯಾಧಿಕಾರಿ, ವರ್ಷಕ್ಕೊಂದು ವರದಿ.

ಅದರಲ್ಲಿ ಎರಡು ಕೋಷ್ಟಕಗಳನ್ನು ಅಕ್ಕಪಕ್ಕ ಇಟ್ಟು ನೋಡಿ ಎನ್ನುತ್ತೇನೆ. ಒಂದು, ಡಾಕ್ಟರುಗಳು ವರದಿ ಮಾಡಿದ ಕಾಯಿಲೆಗಳದ್ದು. ಇನ್ನೊಂದು, ಸಾವುಗಳದ್ದು. ಮೊದಲನೆಯದರಲ್ಲಿ ಸ್ಕಾರ್ಲೆಟ್ ಜ್ವರ (ಗಂಟಲುನೋವಿನ ಜತೆ ಮೈಮೇಲೆ ಕೆಂಪು ದದ್ದು ಏಳುವ ಜ್ವರ), ಗಂಟಲಮಾರಿ (ಡಿಫ್ತೀರಿಯಾ) ಎಲ್ಲ ಅಚ್ಚುಕಟ್ಟಾಗಿವೆ. ದಡಾರವೇ ಇಲ್ಲ, ನಾಯಿಕೆಮ್ಮೂ ಇಲ್ಲ. ಸಾವಿನ ಕೋಷ್ಟಕಕ್ಕೆ ಬಂದರೆ ಸ್ಕಾರ್ಲೆಟ್ ಜ್ವರಕ್ಕಿಂತ ಈ ಎರಡೇ ಮುಂದೆ!

ಕಾರಣ 1889ರ ಕಾಯ್ದೆ. ಯಾವ ಕಾಯಿಲೆ ಕಂಡರೆ ಡಾಕ್ಟರು ತಿಳಿಸಲೇಬೇಕು ಅನ್ನೋ ಪಟ್ಟಿ ಅದರಲ್ಲಿತ್ತು. ಚೀಟಿ ಬರೆದು ತಿಳಿಸಿದ್ದಕ್ಕೆ ಡಾಕ್ಟರಿಗೆ ಫೀಸೂ ಇತ್ತು. ಸ್ವಂತ ಪ್ರಾಕ್ಟೀಸಿನ ರೋಗಿಯಾದರೆ ಎರಡೂವರೆ ಶಿಲಿಂಗ್, ಸರ್ಕಾರಿ ಕೆಲಸದಲ್ಲಿ ನೋಡಿದ ರೋಗಿಯಾದರೆ ಒಂದು ಶಿಲಿಂಗ್. ದುಡ್ಡು ಕೊಟ್ಟರೆ ಚೀಟಿ ಬರುತ್ತೆ, ಅಲ್ವಾ?

ಒಂದು ಚೀಟಿ ಏನೆಲ್ಲ ಮಾಡಿಸುತ್ತಿತ್ತು ನೋಡಿ. ಸ್ಕಾರ್ಲೆಟ್ ಜ್ವರದ ಮಗುವಿನ ವಿಳಾಸ ಆರೋಗ್ಯಾಧಿಕಾರಿಯ ಆಫೀಸಿಗೆ ಬರುತ್ತಲೇ ಅಲ್ಲಿನ ಇನ್‌ಸ್ಪೆಕ್ಟರ್ ಮನೆಗೆ ಹೋಗುತ್ತಿದ್ದ. ಮನೆಯಲ್ಲಿ ಇನ್ನೆಷ್ಟು ಮಕ್ಕಳು, ಯಾವ ಶಾಲೆ, ಹಾಲು ಯಾರ ಹತ್ತಿರ, ಚರಂಡಿ ಸರಿ ಇದೆಯಾ ಎಂದೆಲ್ಲ ಕೇಳಿ ಬರೆದುಕೊಳ್ಳುತ್ತಿದ್ದ. ಶಾಲೆಗೂ ಸುದ್ದಿ ಮುಟ್ಟುತ್ತಿತ್ತು. ಮಗು ಜ್ವರದ ಆಸ್ಪತ್ರೆಗೆ, ಹಾಸಿಗೆ ಹಬೆಯಲ್ಲಿ ಶುದ್ಧಿಯಾಗಲು. ಮಗು ಎಷ್ಟೋ ವಾರ ಕಳೆದು ವಾಪಸ್ ಬಂದ ಮೇಲೆ ಅದರ ತಮ್ಮನಿಗೋ ತಂಗಿಗೋ ಜ್ವರ ಬಂದರೆ ಅದಕ್ಕೇ ಬೇರೆ ಲೆಕ್ಕ ಇಡುತ್ತಿದ್ದರು. ಆಸ್ಪತ್ರೆಯಿಂದ ಬೇಗ ಕಳಿಸಿಬಿಟ್ಟರಾ ಎಂಬ ಜಗಳಕ್ಕೆ ಆ ಲೆಕ್ಕವೇ ಸಾಕ್ಷಿ.

ದಡಾರಕ್ಕೆ ಇದೆಲ್ಲ ಯಾಕಿಲ್ಲ? ಅಧಿಕಾರಿಗಳ ವಾದ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ದಡಾರದ ದದ್ದು ಏಳುವ ಸುಮಾರು ನಾಲ್ಕು ದಿನ ಮೊದಲೇ ಮಗು ಅಂಟಿಸಲು ಶುರು ಮಾಡಿರುತ್ತದೆ. ಚೀಟಿ ತಲುಪುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಬಡವರ ಮನೆಯಲ್ಲಿ ದಡಾರಕ್ಕೆ ಡಾಕ್ಟರನ್ನು ಕರೆಸುವುದೇ ಅಪರೂಪ. ಎಲ್ಲರನ್ನೂ ಸೇರಿಸಿಕೊಳ್ಳಲು ಹಾಸಿಗೆಗಳೂ ಇರಲಿಲ್ಲ. ನನಗೆ ಮಾತ್ರ ಈ ಕಾರಣಗಳು ಅರ್ಧಂಬರ್ಧ ಅನಿಸುತ್ತವೆ. ಸೋಂಕು ತಡೆಯಲು ಆಗದಿದ್ದರೂ, ದಡಾರದ ಹಿಂದೆ ಬರುವ ನ್ಯುಮೋನಿಯಾದಲ್ಲಿ ಮಗುವಿನ ಆರೈಕೆಗೆ ನರ್ಸ್ ಕಳಿಸಬಹುದಿತ್ತು.

ಹಾಗಾಗಿ ದಡಾರದ ಜಾಡು ಹಿಡಿದದ್ದು ಶಾಲೆಯ ಹಾಜರಿ ಪುಸ್ತಕದಿಂದ. ಚಿಕ್ಕ ಮಕ್ಕಳ ತರಗತಿಯಲ್ಲಿ ಒಬ್ಬನಿಗೆ ದಡಾರ ಎಂದರೆ, ಉಳಿದವರಲ್ಲಿ ಈಗಾಗಲೇ ಯಾರಿಗೆ ಬಂದು ಹೋಗಿದೆ ಎಂದು ಟೀಚರ್ ಕೇಳಿ ಬರೆದಿಡಬೇಕು. ಬಾರದವರೇ ಜಾಸ್ತಿ ಇದ್ದರೆ ತರಗತಿ ಮುಚ್ಚುತ್ತಿದ್ದರು. ಲಂಡನ್ನಿನಲ್ಲಿ ದಡಾರ ಸುಮಾರು ಎರಡು ವರ್ಷಕ್ಕೊಮ್ಮೆ ಏಳುತ್ತಿತ್ತು. ಅಷ್ಟರಲ್ಲಿ ಅದಕ್ಕೆ ಸಿಗುವ ಹೊಸ ಮಕ್ಕಳ ದಂಡು ಮತ್ತೆ ಸೇರಿರುತ್ತಿತ್ತು. ವಿಲಿಯಂ ಹೇಮರ್ ಎಂಬ ಡಾಕ್ಟರು 1906ರಲ್ಲಿ ಈ ಏರಿಳಿತವನ್ನು ಗಣಿತದಲ್ಲೇ ವಿವರಿಸಿದರು. ಶಾಲೆಗೆ ಹೋಗುವ ಮಗು ಹೇಗೋ ಗುಣವಾಗುತ್ತಿತ್ತು. ಸಾಯುತ್ತಿದ್ದದ್ದು ಹೆಚ್ಚಾಗಿ ಮನೆಯಲ್ಲಿದ್ದ ಒಂದೆರಡು ವರ್ಷದ ಕೂಸು. ಹಾಜರಿ ಪುಸ್ತಕದಲ್ಲಿ ಅದರ ಹೆಸರು ಇರಲು ಸಾಧ್ಯವೇ ಇಲ್ಲ.

ಪಟ್ಟಿಯಲ್ಲಿದ್ದ ಕಾಯಿಲೆಯ ಲೆಕ್ಕವನ್ನೂ ಕಣ್ಣು ಮುಚ್ಚಿ ನಂಬಬೇಡಿ. ಗಂಟಲಮಾರಿಗೆ ಪ್ರತಿವಿಷದ ಚುಚ್ಚುಮದ್ದು 1890ರ ದಶಕದ ನಡುವೆ ಬಂತು. ನೂರು ರೋಗಿಗಳಲ್ಲಿ ಸಾಯುವವರ ಸಂಖ್ಯೆ ಇಳಿಯಿತು. ಅದೇ ಕಾಲಕ್ಕೆ ಗಂಟಲ ದ್ರವ ಪರೀಕ್ಷೆಯೂ ಬಳಕೆಗೆ ಬಂದು, ಸಣ್ಣಪುಟ್ಟ ಗಂಟಲುನೋವುಗಳೂ ರೋಗಿಗಳ ಸಾಲಿಗೆ ಸೇರಿದವು. ಸಾಯದ ರೋಗಿಗಳು ಲೆಕ್ಕಕ್ಕೆ ಸೇರಿದಷ್ಟೂ ನೂರಕ್ಕೆ ಸಾಯುವವರ ಸಂಖ್ಯೆ ತಾನಾಗೇ ಇಳಿಯುತ್ತದೆ. ಇಳಿಕೆಯಲ್ಲಿ ಮದ್ದಿನ ಪಾಲು ದೊಡ್ಡದೇ. ಆದರೆ ಪೂರ್ತಿ ಅದರದ್ದಲ್ಲ.

ದಡಾರವನ್ನು ಇಂಗ್ಲೆಂಡಿನಲ್ಲಿ 1916ರಲ್ಲಿ ಪಟ್ಟಿಗೆ ಸೇರಿಸಿದರು, 1919ರ ಕೊನೆಗೆ ತೆಗೆದರು. ಮತ್ತೆ ಸೇರಿದ್ದು ಎರಡನೇ ಮಹಾಯುದ್ಧದ ಹೊತ್ತಿಗೆ. ಅಲ್ಲಿನ ದಡಾರದ ಗ್ರಾಫುಗಳು ಸಾಮಾನ್ಯವಾಗಿ 1940ರಿಂದ ಶುರುವಾಗುವುದು ಇದಕ್ಕೇ. ಅದಕ್ಕೂ ಹಿಂದಿನದು ಬೇಕಾದರೆ ಸಾವಿನ ರಿಜಿಸ್ಟರನ್ನೇ ತೆರೆಯಬೇಕು.