ಚಪ್ಪಲಿ ಆರ್ಕಿಡ್‌ನ ಎಲೆ ಜೋತುಬಿದ್ದಾಗ ಏನು ನೋಡಬೇಕು

ಕಲಬುರಗಿಯ ಬೇಸಿಗೆಯಲ್ಲಿ ಎಲೆ ಬಾಡಿದ ಕುಂಡ ಕಂಡವರೆಲ್ಲ ಹೇಳುವುದು ಒಂದೇ ಮಾತು: "ನೀರು ಕಮ್ಮಿ ಆಗ್ಯಾದ ನೋಡ್ರಿ, ಇನ್ನೊಂದು ತಂಬಿಗಿ ಹಾಕ್ರಿ." ದಾಸವಾಳಕ್ಕೆ ಸರಿ. ಪ್ಯಾಫಿಯೋಪೆಡಿಲಮ್‌ಗೆ, ಅಂದರೆ ನಮ್ಮ ಚಪ್ಪಲಿ ಆರ್ಕಿಡ್‌ಗೆ, ಎಷ್ಟೋ ಸಲ ಅದೇ ಕೊನೆಯ ತಂಬಿಗೆ. ನನ್ನ ಮೊದಲ ಗಿಡ ಹೋದದ್ದೂ ಹೀಗೇ.

ಡೆಂಡ್ರೋಬಿಯಂ ಎಂಬ ಇನ್ನೊಂದು ಆರ್ಕಿಡ್‌ಗೆ ನೀರು ಕೂಡಿಟ್ಟುಕೊಳ್ಳುವ ದಪ್ಪ ಕಾಂಡವಿದೆ, ಇದಕ್ಕಿಲ್ಲ. ಬೀಸಣಿಗೆಯಂತೆ ಹರಡಿದ ಎಲೆಗಳು, ಕೆಳಗೆ ಕೆಲವೇ ಬೇರುಗಳು, ಇಷ್ಟೇ ಗಿಡ. ಜೀವಕೋಶಗಳೊಳಗಿನ ನೀರಿನ ಒತ್ತಡವೇ ಎಲೆಯನ್ನು ಬಿಗಿಯಾಗಿ ನಿಲ್ಲಿಸುತ್ತದೆ. ಎಲೆ ಜೋತುಬಿತ್ತೆಂದರೆ ಅಲ್ಲಿಗೆ ನೀರು ಮುಟ್ಟುತ್ತಿಲ್ಲ ಎಂದು ಅರ್ಥ. ಕುಂಡ ಒಣಗಿದ್ದರೂ ಹಾಗೇ ಕಾಣುತ್ತದೆ, ಒದ್ದೆಯಲ್ಲಿ ಬೇರು ಕೊಳೆತಿದ್ದರೂ ಹಾಗೇ.

ಗಾಬರಿಯಾಗಬೇಕಿಲ್ಲದ ಎರಡು ಸಂದರ್ಭಗಳಿವೆ. ತೀರ ಕೆಳಗಿನ ಒಂದೇ ಎಲೆ ಹಳದಿಯಾದರೆ ಅದಕ್ಕೆ ವಯಸ್ಸಾಗಿದೆ. ಇನ್ನೊಂದು, ಎಲೆಗಳ ಒಂದು ಬೀಸಣಿಗೆ ಹೂ ಬಿಡುವುದು ಒಮ್ಮೆ ಮಾತ್ರ. ಆಮೇಲೆ ಪಕ್ಕದ ಮರಿಗಳು ಬೆಳೆಯುತ್ತ ಅದು ನಿಧಾನವಾಗಿ ಕುಗ್ಗುತ್ತದೆ.

ಇವೆರಡೂ ಅಲ್ಲವಾದರೆ ಗಿಡದ ಬುಡ ಹಿಡಿದು ಮೆಲ್ಲಗೆ ಅಲುಗಾಡಿಸಿ. ಸಡಿಲವಾಗಿ ಆಡಿದರೆ ಹಿಡಿದುಕೊಳ್ಳಲು ಬೇರಿಲ್ಲ ಎಂದೇ ತಿಳಿಯಿರಿ. ಕುಂಡದಿಂದ ಹೊರತೆಗೆದು ನೋಡಲು ಹೆದರಬೇಡಿ. ಒಳ್ಳೆಯ ಬೇರು ಕಂದು ಬಣ್ಣದ್ದು, ಮೈತುಂಬ ನವಿರು ಕೂದಲು. ಕಂದು ಬಣ್ಣ ನೋಡಿ ಕೊಳೆತಿದೆ ಎಂದು ಕತ್ತರಿಸಿದವರುಂಟು, ಹಾಗಾಗಿ ಬಣ್ಣ ನಂಬಬೇಡಿ, ಒತ್ತಿ ನೋಡಿ. ಗಟ್ಟಿಯಿದ್ದರೆ ಜೀವವಿದೆ. ಮೆತ್ತಗಾಗಿ, ಎಳೆದಾಗ ಸಿಪ್ಪೆ ಕಳಚಿ ಒಳಗಿನ ದಾರ ಮಾತ್ರ ಉಳಿದರೆ ಅದು ಸತ್ತ ಬೇರು. ಮಣ್ಣಿನ ಬದಲು ಕುಂಡಕ್ಕೆ ತುಂಬುವ ತೊಗಟೆಯ ಚೂರುಗಳು ಎರಡು ವರ್ಷದಲ್ಲಿ ಪುಡಿಯಾಗಿ ಕೆಸರಿನಂತಾದಾಗ ಬೇರಿಗೆ ಗಾಳಿ ಸಿಗದೆ ಹೀಗಾಗುವುದೇ ಹೆಚ್ಚು.

ಮೂರನೆಯ ಕಾರಣ ನಮ್ಮ ಊರಿನದು: ಬೋರ್‌ವೆಲ್‌ನ ಸವಳು ನೀರು. ಮಾವಿನಕಾಯಿ ಹೋಳುಗಳಿಗೆ ಉಪ್ಪು ಬೆರೆಸಿಟ್ಟರೆ ಬೆಳಗಾಗುವಷ್ಟರಲ್ಲಿ ಹೋಳು ನೀರು ಬಿಟ್ಟು ಸುಕ್ಕುಗಟ್ಟುತ್ತದಲ್ಲ, ಕುಂಡದಲ್ಲಿ ಲವಣ ಸೇರಿದಾಗ ಬೇರಿನ ಗತಿಯೂ ಅದೇ. ಕುಂಡದ ಅಂಚಿನಲ್ಲಿ ಬಿಳಿ ಪುಡಿ, ಎಲೆಯ ತುದಿ ಕಂದು, ಬೇರಿನ ತುದಿ ಕಪ್ಪು: ಇವು ಇದರ ಗುರುತು. ಶಹಾಬಾದ್ ಕಲ್ಲಿನ ಸೀಮೆಯಲ್ಲಿ ಸುಣ್ಣವೇ ಶತ್ರು ಎಂದು ತೀರ್ಮಾನಿಸುವ ಮೊದಲು ಒಂದು ಮಾತು: ನಿವಿಯಂ, ಬೆಲ್ಲಾಟುಲಮ್ ಎಂಬ ಚಪ್ಪಲಿ ಆರ್ಕಿಡ್ ಜಾತಿಗಳು ಕಾಡಿನಲ್ಲಿ ಬೆಳೆಯುವುದೇ ಸುಣ್ಣಕಲ್ಲಿನ ಮೇಲೆ. ಕರಗಿದ ಲವಣಗಳ ಒಟ್ಟು ಪ್ರಮಾಣ ಏರುವುದೇ ತೊಂದರೆ. ಕೂಲರ್ ಟ್ಯಾಂಕಿನ ನೀರನ್ನಂತೂ ಹಾಕಲೇಬೇಡಿ. ದಿನವಿಡೀ ನೀರು ಆವಿಯಾಗಿ ಲವಣವೆಲ್ಲ ಅದರಲ್ಲೇ ಉಳಿದಿರುತ್ತದೆ. ಆರ್‌ಒ ಯಂತ್ರ ಹೊರಚೆಲ್ಲುವ ತ್ಯಾಜ್ಯ ನೀರೂ ಅಂಥದ್ದೇ. ಮಳೆನೀರು, ಆರ್‌ಒ ಶುದ್ಧ ನೀರು ಆದೀತು. ನಾನು ಟಿಡಿಎಸ್, ಅಂದರೆ ಕರಗಿದ ಲವಣಗಳ ಒಟ್ಟು ಪ್ರಮಾಣ, ಲೀಟರಿಗೆ 150 ಮಿಲಿಗ್ರಾಂ ದಾಟದಂತೆ ನೋಡಿಕೊಂಡು, ತಿಂಗಳಿಗೊಮ್ಮೆ ಇದೇ ನೀರನ್ನು ಧಾರಾಳವಾಗಿ ಸುರಿದು ಕುಂಡ ತೊಳೆಯುತ್ತೇನೆ.

ಎಲೆಯ ಬುಡದಲ್ಲಿ ನೀರುಗುಳ್ಳೆಯಂಥ ಕಂದು ಕಲೆ ಹರಡುತ್ತ ದುರ್ವಾಸನೆ ಬಂದರೆ ಅದು ಬ್ಯಾಕ್ಟೀರಿಯಾದ ಕೊಳೆರೋಗ. ಬೇರು ನೋಡುತ್ತ ಕೂಡದೆ ಆ ಭಾಗವನ್ನು ಅಂದೇ ಕತ್ತರಿಸಿ, ಗಿಡವನ್ನು ಬೇರೆಯವುಗಳಿಂದ ದೂರವಿಡಿ.

ಬೇರು ಹೋದ ಗಿಡಕ್ಕೆ ಗೊಬ್ಬರ ಬೇಡ. ಸತ್ತದ್ದನ್ನು ಕತ್ತರಿಸಿ, ಉಳಿದ ಬೇರು ಹಿಡಿಸುವಷ್ಟೇ ಚಿಕ್ಕ ಕುಂಡದಲ್ಲಿ ಹೊಸ ತೊಗಟೆ ಹಾಕಿ ನೆಡಿ. ಹೊಸ ಬೇರು ಬರುವುದು ಬೀಸಣಿಗೆಯ ಬುಡದಿಂದ, ಆದ್ದರಿಂದ ಬುಡ ತೊಗಟೆಗೆ ತಾಗಿರಲಿ. ತೇವಕ್ಕೆಂದು ಪ್ಲಾಸ್ಟಿಕ್ ಚೀಲ ಮುಚ್ಚುವ ಸಲಹೆ ತಂಪು ಊರಿಗೆ ಸರಿ. 40 ಡಿಗ್ರಿ ದಾಟುವ ನಮ್ಮಲ್ಲಿ ಗಿಡ ಒಳಗೇ ಬೆಂದುಹೋಗುತ್ತದೆ. ನೆರಳಿನಲ್ಲಿ ನೀರಿನ ತಟ್ಟೆಯ ಮೇಲೆ ಎತ್ತರಿಸಿಡಿ, ಕುಂಡದ ತಳ ನೀರಿಗೆ ತಾಗದಿರಲಿ.

ಮಡಿಕೆ ಬಿದ್ದ ಹಳೆ ಎಲೆ ಮತ್ತೆ ಬಿಗಿಯಾಗುವುದು ಅಪರೂಪ. ಅದನ್ನು ದಿನಾ ಮುಟ್ಟಿ ನೋಡುವುದು ಬಿಟ್ಟು, ನಡುವಿನ ಹೊಸ ಎಲೆ ನೆಟ್ಟಗೆ ಬರುತ್ತಿದೆಯೇ ಎಂದು ವಾರಕ್ಕೊಮ್ಮೆ ನೋಡಿ.