ಪದ ಪರಿಚಯ: ಜಾದೂಗಾರನ ಪರ್ಸೋನಾ

ಮುಂಬಯಿಯ ಕನ್ನಡ ಸಂಘಗಳ ವಾರ್ಷಿಕೋತ್ಸವದಲ್ಲಿ ಬಹುಮಾನ ವಿತರಣೆ ಮುಗಿದು, ಚೌಕಿಯಲ್ಲಿ ಯಕ್ಷಗಾನದವರು ಬಣ್ಣ ಹಚ್ಚುತ್ತಿರುವಾಗ, ಅರ್ಧ ಗಂಟೆ ಜಾದೂ ಇಡುವುದುಂಟು. ಕಪ್ಪು ಕೋಟಿನ ಹುಡುಗ ಬಂದು ‘ಲೇಡೀಸ್ ಅಂಡ್ ಜಂಟಲ್‌ಮೆನ್’ ಎನ್ನುತ್ತಾನೆ. ಎದುರಿಗೆ ಕೂತವರು ಕುಂದಾಪುರದ ಅಜ್ಜಿಯರು. ಕೈಚಳಕ ಚೆನ್ನಾಗಿಯೇ ಇರುತ್ತದೆ. ಆದರೆ ಆತ ಯಾರು ಎಂಬುದು ಮಾತ್ರ ಯಾರಿಗೂ ಗೊತ್ತಾಗುವುದಿಲ್ಲ.

ಆ ‘ಯಾರು’ ಎಂಬುದಕ್ಕೆ ಜಾದೂಗಾರರು ಪರ್ಸೋನಾ ಎನ್ನುತ್ತಾರೆ. ಕೋಟು, ಪೇಟ, ಮೀಸೆ ಬರೀ ವೇಷ. ಇವನಿಗೆ ಈ ಶಕ್ತಿ ಎಲ್ಲಿಂದ ಬಂತು, ಪವಾಡ ನಡೆದಾಗ ಇವನಿಗೇ ಏನನ್ನಿಸುತ್ತದೆ ಎಂಬುದು ನೋಡುವವರಿಗೆ ತಿಳಿದರೆ ಪರ್ಸೋನಾ ಇದೆ ಎಂದರ್ಥ. ಜಾದೂಗಾರನೆಂದರೆ ಮಾಂತ್ರಿಕನ ಪಾತ್ರ ಮಾಡುವ ನಟ ಎಂದವನು ಫ್ರಾನ್ಸಿನ ರಾಬೇರ್-ಊದಾಂ. (ಹೂಡಿನಿ ತನ್ನ ಹೆಸರು ಕಟ್ಟಿಕೊಂಡದ್ದು ಇವನ ಹೆಸರಿನಿಂದಲೇ.) 1845ರಲ್ಲಿ ಪ್ಯಾರಿಸ್ಸಿನಲ್ಲಿ ಸ್ವಂತ ರಂಗಮಂದಿರ ತೆರೆದ ಅವನು ಮಾಂತ್ರಿಕನ ನಿಲುವಂಗಿ ಬಿಟ್ಟು, ಪ್ರೇಕ್ಷಕರಂತೆಯೇ ಸಂಜೆಯ ಉಡುಪಿನಲ್ಲಿ ನಿಂತ. ನಮ್ಮ ಪಿ. ಸಿ. ಸರ್ಕಾರ್ ಹಿಡಿದದ್ದು ಇದರ ಎದುರು ದಾರಿ: ಮಹಾರಾಜನ ಪೇಟ, ಝಗಝಗಿಸುವ ಅಂಗಿ. ಎರಡೂ ಸರಿಯೇ.

ನನ್ನ ಮಟ್ಟಿಗೆ ಇವರಿಬ್ಬರಿಗಿಂತ ದೊಡ್ಡ ಪಾಠ ಕಾರ್ಡಿನಿ ಎಂಬ ಜಾದೂಗಾರನದು. ಒಂಟಿಗಣ್ಣಿನ ಕನ್ನಡಕ, ಬಿಳಿ ಕೈಗವಸು, ತುಸು ಅಮಲೇರಿದ ಸಭ್ಯಸ್ಥ. ಇಸ್ಪೀಟೆಲೆಗಳು, ಹೊತ್ತಿಕೊಂಡ ಸಿಗರೇಟುಗಳು ಬೇಡವೆಂದರೂ ಅವನ ಕೈಗೆ ಬರುತ್ತವೆ; ಎಸೆದಷ್ಟೂ ಬರುತ್ತವೆ. ಬೆರಗಾಗುವವನು ಅವನೇ. ಮಾತೇ ಇಲ್ಲದಿದ್ದರೂ ಆ ಪೇಚಾಟ ನೋಡುವವರಿಗೆ ತಲುಪುತ್ತಿತ್ತು.

ಇದನ್ನು ನಮ್ಮ ಮುಂಬಯಿಯ ಮಾಟುಂಗಾಕ್ಕೆ ತಂದು ನೋಡೋಣ. ಗಾಳಿಯಿಂದ ನಾಣ್ಯ ಹಿಡಿದು ಪಾತ್ರೆಗೆ ಹಾಕುವ ಹಳೆಯ ಆಟವಿದೆ. ಮಹಾರಾಜ ಹಿಡಿದರೆ ಅದು ಅಪ್ಪಣೆ, ಹಣ ಬರಲೇಬೇಕು. ಅದೇ ಆಟವನ್ನು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುವ ಶೆಟ್ರು ಆಡಲಿ. ರಾತ್ರಿ ಲೆಕ್ಕ ಮುಗಿದಿದೆ, ಪುಸ್ತಕ ಮುಚ್ಚಿದ್ದಾರೆ. ಆಗ ಗಿರಾಕಿಯ ಕಿವಿಯ ಹಿಂದೆ ಹತ್ತು ರೂಪಾಯಿಯ ನಾಣ್ಯ. ಹೆಗಲ ಮೇಲಿನ ಬೈರಾಸಿನಲ್ಲಿ ಇನ್ನೊಂದು. ಸ್ಟೀಲ್ ಲೋಟಕ್ಕೆ ಠಣ್ಣೆಂದು ಬಿದ್ದಾಗಲೆಲ್ಲ ಅವರ ಮುಖ ಇಳಿಯುತ್ತದೆ: ಲೆಕ್ಕ ತಾಳೆಯಾಗುತ್ತಿಲ್ಲವಲ್ಲ! ‘ಮಾರಾಯ್ರೆ, ಇದು ಯಾವ ಟೇಬಲಿನ ದುಡ್ಡು?’ ನಾಣ್ಯವನ್ನು ಅಂಗೈಯಲ್ಲಿ ಅಡಗಿಸುವ ಅಭ್ಯಾಸ ಎರಡಕ್ಕೂ ಒಂದೇ. ಆದರೆ ಸಭೆಯಲ್ಲಿ ಕೂತವರು ಈ ಶೆಟ್ರನ್ನು ಬಲ್ಲರು. ಕೆಲವರು ಸ್ವತಃ ಆ ಗಲ್ಲಾದಲ್ಲಿ ಕೂತವರು.

ಇಂಥ ಪಾತ್ರವನ್ನು ಹೊರಗಿನಿಂದ ತಂದು ಅಂಟಿಸಲಾಗದು. ಆಡುವವನಲ್ಲೇ ಸ್ವಲ್ಪ ಲೆಕ್ಕದ ಗೀಳು ಇರಬೇಕು, ಅದನ್ನೇ ಹಿಗ್ಗಿಸಬೇಕು. ಮಾತು ಕಡಿಮೆಯವನು ಮಾತಿನಮಲ್ಲನ ಪಾತ್ರ ಹಿಡಿದರೆ ಮೂರನೇ ಆಟಕ್ಕೆ ಬಣ್ಣ ಬಯಲಾಗುತ್ತದೆ. ಅಮೆರಿಕದ ಜಾದೂಗಾರ ವಿಲಿಯಂ ರಾಬಿನ್ಸನ್ ಚುಂಗ್ ಲಿಂಗ್ ಸೂ ಎಂಬ ಚೀನೀಯನಾಗಿ ವರ್ಷಗಟ್ಟಲೆ ಮೆರೆದದ್ದು ನಿಜ. ಪತ್ರಕರ್ತರ ಜೊತೆಗೂ ದುಭಾಷಿಯ ಮೂಲಕವೇ ಮಾತಾಡುತ್ತಿದ್ದ. ಅದು ಅಸಾಧ್ಯ ಶ್ರಮ, ಜೊತೆಗೆ ಇನ್ನೊಂದು ಜನಾಂಗದ ಮುಖವನ್ನು ಎರವಲು ಪಡೆದ ಮೋಸವೂ ಹೌದು.

ಪರ್ಸೋನಾ ಗಟ್ಟಿಯಾದಂತೆ ಆಟಗಳ ಪಟ್ಟಿ ಚಿಕ್ಕದಾಗುತ್ತದೆ. ಹೊಸಬರಿಗೆ ಇದೇ ಕಷ್ಟ; ದುಡ್ಡು ಕೊಟ್ಟು ತಂದ ಸಾಮಾನು ಬಿಡಲು ಮನಸ್ಸು ಬರುವುದಿಲ್ಲ. ಗಲ್ಲಾದ ಶೆಟ್ರು ಪಾರಿವಾಳ ಹಾರಿಸುವಂತಿಲ್ಲ, ಯಾರನ್ನೂ ಗರಗಸದಿಂದ ಕೊಯ್ಯುವಂತಿಲ್ಲ. ಹಗ್ಗ ಕತ್ತರಿಸಿ ಕೂಡಿಸುವ ಆಟ ಬೇಕೇಬೇಕೆಂದರೆ, ಪಾರ್ಸಲ್ ಕಟ್ಟುವ ದಾರದಲ್ಲಿ ಮಾಡಲಿ.